ನೀರಿನ ಹೆಸರು ಹೊತ್ತ ಅಬ್ದುಲ್ ನಜೀರ್‌ಸಾಬರು

ಗದಗ-ಬೆಟಗೇರಿಯನ್ನು ಬಿಟ್ಟು ಡಂಬಳದ ಮೇಲೆ ಹಾಯ್ದು ಮುಂಡರಗಿಗೆ ಹೋಗುವ ದಾರಿಯಲ್ಲಿ ಬಲಗಡೆಗೆ ಕಪ್ಪತಗುಡ್ಡದ ಸಾಲು ಬಹುದೂರ ಜೊತೆಗೂಡಿ ಬರುತ್ತದೆ. ಗುಡ್ಡದ ಆಚೆಗೆ ಶಿರಹಟ್ಟಿ, ಅದರಾಚೆಗೆ ಲಕ್ಷ್ಮೇಶ್ವರ. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ. ನಕಾಶೆಯನ್ನು ಹರಡಿ ನೋಡಿದವನಿಗೆ ಈ ಸೀಮೆಯಲ್ಲಿ ಕುಡಿಯುವ ನೀರಿಗೆ ಕೊರತೆಯೆಂಬುದು ನಂಬತಕ್ಕ ಮಾತಾಗಿ ತೋರಲಾರದು. ಆದರೆ ನದಿ ತಗ್ಗಿನಲ್ಲಿ ಹರಿಯುತ್ತದೆ, ಊರುಗಳು ದಿಣ್ಣೆಯ ಮೇಲೆ ನಿಂತಿವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನೆಚ್ಚಿಕೊಳ್ಳುವಂತಹದಲ್ಲ. ಎರೆಯ ನೆಲದ ಬಾವಿಯಲ್ಲಿ ನೀರು ಸಿಕ್ಕರೂ ಬಹುಪಾಲು ಸವಳು. ಮಸಾರಿಯ ನೆಲದಲ್ಲಿ ಸಿಹಿನೀರಿದ್ದರೂ ಚೈತ್ರ ವೈಶಾಖಗಳಿಗೆ ಬತ್ತಿ ತಳದ ಕಲ್ಲು ಕಾಣುತ್ತಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಗದಗು ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ ಇದ್ದ ಕಾಲದಲ್ಲಿಯೂ ಅರಸರು ಬೇರೆ ಬೇರೆಯಾಗಿದ್ದರೇ ಹೊರತು ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡದ ಭಾರ ಒಂದೇ ಆಗಿತ್ತು.

ಪೂರ್ವಿಕರು ಈ ಸಂಕಟವನ್ನು ಅರಿಯದೆ ಇರಲಿಲ್ಲ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದವರಿಗೆ ಶಿಲ್ಪಿ ದೇವರ ಗುಡಿಗೆ ಕೊಟ್ಟ ಶ್ರದ್ಧೆಯನ್ನೇ ನೀರಿಗೂ ಕೊಟ್ಟಿದ್ದನೆಂಬುದು ತಿಳಿಯುತ್ತದೆ. ಡಂಬಳದ ವಿಶಾಲವಾದ ಕೆರೆ ಅಂತಹದೇ ಇನ್ನೊಂದು ಪುಣ್ಯಕಾರ್ಯ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು ಇವನ್ನು ಶಾಸನಗಳು ಎಡೆಬಿಡದೆ ಕೊಂಡಾಡುತ್ತವೆ. ಆದರೆ ಧರ್ಮಕ್ಕೆ ತೋಡಿಸಿದ ಬಾವಿಯ ಮೆಟ್ಟಿಲು ಕೂಡ ಎಲ್ಲರ ಕಾಲಿಗೂ ತೆರೆದಿರಲಿಲ್ಲವೆಂಬುದನ್ನು ಮುಚ್ಚಿಡಬಾರದು. ಎಷ್ಟೋ ಊರುಗಳಲ್ಲಿ ಕೇರಿಯ ಜನ ಬಾವಿಯ ದಂಡೆಯ ಹೊರಗೆ ನಿಂತು, ಯಾರಾದರೂ ಕನಿಕರದಿಂದ ಸುರಿದ ನೀರನ್ನು ಹಿಡಿದುಕೊಂಡು ಹೋಗಬೇಕಾಗಿತ್ತು. ಇಲ್ಲವೇ ಹಳ್ಳದ ಮರಳಿನಲ್ಲಿ ವರತೆ ತೋಡಿ, ತೆಂಗಿನ ಕರಟದಿಂದ ಮೊಗೆ ಮೊಗೆದು ಕೊಡ ತುಂಬಬೇಕಾಗಿತ್ತು. ಒಂದು ಕೊಡ ತುಂಬುವಷ್ಟರಲ್ಲಿ ಹೊತ್ತು ಮಾರುದ್ದ ಏರುತ್ತಿತ್ತು.

ಇಂತಹ ನಾಡಿನ ಹಳ್ಳಿಹಳ್ಳಿಗಳಲ್ಲಿ ಒಂದು ದಶಕದೊಳಗಾಗಿ ಬಾವಿಯ ಕಟ್ಟೆಯಿಂದ ಕೈಪಂಪಿನ ಕಟ್ಟೆಗೆ ನೀರಿನ ಸಾಲು ಸ್ಥಳಾಂತರ ಹೊಂದಿತು. ಆ ಬದಲಾವಣೆಯ ಜೊತೆಗೆ ಕರ್ನಾಟಕದಲ್ಲಿ ಒಬ್ಬ ಮಹನೀಯರ ಹೆಸರು ಬಿಡಿಸಲಾರದಂತೆ ಬೆಸೆದುಕೊಂಡಿದೆ. ಅವರು ದಿವಂಗತ ಅಬ್ದುಲ್ ನಜೀರ್‌ಸಾಬರು.

ನಜೀರ್‌ಸಾಬರು ಈ ಸೀಮೆಯವರಲ್ಲ. ಅವರ ಊರು ದಕ್ಷಿಣದ ತುದಿಯ ಗುಂಡ್ಲುಪೇಟೆ. ಅದು ಅಂದು ಮೈಸೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿತು. ಅದೇ ವರ್ಷದಲ್ಲಿಯೇ ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆಯೂ ಬೇರೆಯಾಯಿತೆಂಬುದು ಕಾಕತಾಳೀಯ. ಗುಂಡ್ಲುಪೇಟೆಯ ಒಂದು ಮಗ್ಗುಲಿಗೆ ಬಂಡೀಪುರದ ಕಾಡು, ನೀಲಗಿರಿಯ ಬೆಟ್ಟಗಳಿದ್ದರೂ ತಾಲ್ಲೂಕಿನ ಬಯಲು ಭಾಗ ಮಳೆಯ ನೆರಳಿನಲ್ಲಿ ಬಿದ್ದ ಒಣ ಪ್ರದೇಶ. ಅಲ್ಲಿಯ ಒಕ್ಕಲಿಗನೂ ಮುಂಡರಗಿಯ ಒಕ್ಕಲಿಗನ ಹಾಗೆಯೇ ಮುಗಿಲಿಗೆ ಮುಖವೆತ್ತಿ ಬದುಕುವವನು. ಅಂತಹ ಊರಿನ ಬೀದಿಗಳಲ್ಲಿ ಬೆಳೆದು, ಸ್ಥಳೀಯ ಜನರ ಕಷ್ಟಸುಖಗಳ ನಡುವೆಯೇ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದವರಿಗೆ ನೀರಿನ ಬರ ಎಂದರೆ ಏನೆಂಬುದನ್ನು ಇನ್ನೊಬ್ಬರು ವರದಿ ಬರೆದು ತಿಳಿಸಬೇಕಾಗಿರಲಿಲ್ಲ. ದೊಡ್ಡ ಮನೆತನದ ಬೆಂಬಲವಾಗಲಿ, ಜಾತಿಯ ಸಂಖ್ಯಾಬಲವಾಗಲಿ, ಹಣದ ಥೈಲಿಯಾಗಲಿ ಅವರ ಬೆನ್ನಿಗಿರಲಿಲ್ಲ. ರಾಜಕಾರಣದಲ್ಲಿ ಇವು ಮೂರೂ ಇಲ್ಲದವನು ಮೇಲಕ್ಕೆ ಬರುವುದು ಅಪರೂಪ. ಬಂದ ಮೇಲೆಯೂ ಮೊದಲಿನಂತೆಯೇ ಉಳಿಯುವುದು ಇನ್ನೂ ಅಪರೂಪ.

1983ರ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರ ಅಧಿಕಾರಕ್ಕೆ ಬಂದಿತು. ಆ ಸರಕಾರದಲ್ಲಿ ನಜೀರ್‌ಸಾಬರ ಪಾಲಿಗೆ ಬಂದದ್ದು ಗ್ರಾಮೀಣಾಭಿವೃದ್ಧಿ ಹಾಗೂ ಪಂಚಾಯತ ರಾಜ್ಯದ ಖಾತೆ. ಕಂದಾಯ, ಹಣಕಾಸು, ಲೋಕೋಪಯೋಗಿಗಳ ಹಾಗೆ ಮಂತ್ರಿಗಳಾಗುವವರು ಹಾತೊರೆಯುವ ಖಾತೆ ಅದಾಗಿರಲಿಲ್ಲ. ಆ ಸಾಮಾನ್ಯ ಖಾತೆಯಲ್ಲಿ ಎರಡು ಅಸಾಮಾನ್ಯ ಕಾರ್ಯಗಳನ್ನು ಅವರು ಕೈಗೆತ್ತಿಕೊಂಡರು: ಒಂದು ಹಳ್ಳಿಗೆ ನೀರು ಕೊಡುವುದು, ಇನ್ನೊಂದು ಹಳ್ಳಿಗೆ ಅಧಿಕಾರ ಕೊಡುವುದು. ಇವೆರಡೂ ಅವರ ಬುದ್ಧಿಯಲ್ಲಿ ಬೇರೆ ಬೇರೆಯಾಗಿರಲಿಲ್ಲವೆಂಬುದನ್ನು ಮುಂದಿನ ಇತಿಹಾಸ ತೋರಿಸಿತು.

ನೀರಿನ ಕಾರ್ಯ ಶೂನ್ಯದಿಂದ ಆರಂಭವಾಯಿತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಕೇಂದ್ರ ಸರಕಾರ 1972-73ರಲ್ಲಿಯೇ ಗ್ರಾಮೀಣ ನೀರು ಸರಬರಾಜಿಗೆ ವೇಗವರ್ಧಿತ ಕಾರ್ಯಕ್ರಮವೊಂದನ್ನು ಹಾಕಿಕೊಂಡಿತ್ತು. 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆ ಕುಡಿಯುವ ನೀರು ಹಾಗೂ ನೈರ್ಮಲ್ಯದ ದಶಕವೆಂದು ಸಾರಿತ್ತು. ತಲೆಗೆ ದಿನಕ್ಕೆ 40 ಲೀಟರು ನೀರು, 250 ಜನರಿಗೆ ಒಂದು ಕೈಪಂಪು ಎಂಬ ಲೆಕ್ಕವೂ ಕಾಗದದ ಮೇಲಿತ್ತು. ಕಾಗದದ ಮೇಲಿನ ನೀರು ಗಂಟಲಿಗೆ ಇಳಿಯುವುದಿಲ್ಲವೆಂಬುದೇ ತೊಂದರೆ.

ಇಲ್ಲಿ ಕೈಪಂಪಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಇದರ ಮೂಲ ಕನ್ನಡಿಗರಿಗೆ ಹತ್ತಿರದ ಸೊಲ್ಲಾಪುರದಲ್ಲಿದೆ. 1967ರ ಸುಮಾರಿಗೆ ಬಿಹಾರದ ಕ್ಷಾಮಕಾಲದಲ್ಲಿ ಗಟ್ಟಿಕಲ್ಲನ್ನೂ ಕೊರೆಯಬಲ್ಲ ಯಂತ್ರಗಳು ಯುನಿಸೆಫ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದವು. ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯೊಂದು ಕೊರೆಯ ತುದಿಯಲ್ಲಿಯೇ ಕೂತು ಕಪ್ಪುಕಲ್ಲನ್ನು ಪುಡಿಮಾಡುತ್ತ ಇಳಿಯುವುದು ಅವುಗಳ ವಿಶೇಷ. ತಿಂಗಳುಗಟ್ಟಲೆ ಸಿಡಿಮದ್ದು ಹಾಕಿ ತೋಡುವ ಬಾವಿಗಿಂತ ಆಳವಾದ ರಂಧ್ರವನ್ನು ಅವು ಒಂದೆರಡು ದಿನಗಳಲ್ಲಿ ತೆಗೆದುಬಿಡುತ್ತಿದ್ದವು. ಆದರೆ ಆ ರಂಧ್ರದ ಮೇಲೆ ಕೂರಿಸಿದ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯ ಹಿತ್ತಿಲಿಗೆಂದು ಮಾಡಿದವು; ಬೆಳಗಿನಿಂದ ರಾತ್ರಿಯವರೆಗೆ ಊರೆಲ್ಲ ಜಗ್ಗುವ ಜಗ್ಗಾಟಕ್ಕೆ ತಡೆಯದೆ ಮುರಿದು ಬೀಳುತ್ತಿದ್ದವು. ಬಾವಿಯಲ್ಲಿ ನೀರಿದೆ, ಪಂಪು ಸತ್ತಿದೆ ಎಂಬ ವಿಪರೀತ ಸ್ಥಿತಿ. ಸೊಲ್ಲಾಪುರದಲ್ಲಿ ಮಿಶನ್ನಿನವರ ಕಡೆಯಿಂದ ತಯಾರಾದ ಉಕ್ಕಿನ ಪಂಪೊಂದು ಹಿಡಿಕೆಯ ತುದಿಗೆ ಸರಪಳಿ ಕಟ್ಟಿ, ಎಳೆತ ಯಾವಾಗಲೂ ನೆಟ್ಟಗೆ ಕೆಳಗಿಂದ ಮೇಲಕ್ಕೇ ಇರುವಂತೆ ಮಾಡಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು 1970ರ ದಶಕದ ಉತ್ತರಾರ್ಧದಲ್ಲಿ ಇಂಡಿಯಾ ಮಾರ್ಕ್ ಎರಡು ಎಂಬ ಕೈಪಂಪು ರೂಪುಗೊಂಡಿತು. ಹಳ್ಳಿಯ ಶಾಲೆಯ ಮುಂದೆ, ಗುಡಿಯ ಮಗ್ಗುಲಿಗೆ, ಕೇರಿಯ ನಡುವೆ ನಿಂತ, ಹಿಡಿಕೆ ಉದ್ದವಾದ ಆ ಉಕ್ಕಿನ ಕಂಬವನ್ನು ಈ ಭಾಗದ ಜನ ಬೋರಿಂಗ್ ಎಂದರು. ಕೊಳವೆಬಾವಿ ಎಂಬ ಶಬ್ದ ವರ್ತಮಾನಪತ್ರಿಕೆಗಳಲ್ಲಿ ಉಳಿಯಿತು.

ನಜೀರ್‌ಸಾಬರು ಯಂತ್ರವನ್ನು ಕಂಡುಹಿಡಿದವರಲ್ಲ. ಯಂತ್ರವನ್ನು ಹಳ್ಳಿಗೆ ಮುಟ್ಟಿಸಿದವರು. ಒಂದೊಂದು ಹಳ್ಳಿಗೂ ಒಂದಾದರೂ ಕೊಳವೆಬಾವಿ ಇರಲೇಬೇಕೆಂಬ ಹಟವನ್ನು ಅವರು ತೊಟ್ಟರು. ಕೊರೆಯುವ ಯಂತ್ರಗಳ ಲಾರಿಗಳು ಒಂದು ತಾಲ್ಲೂಕಿನಿಂದ ಇನ್ನೊಂದು ತಾಲ್ಲೂಕಿಗೆ ಹಗಲಿರುಳು ಓಡಾಡಿದವು. 1985ರಿಂದ 1987ರವರೆಗೆ ರಾಜ್ಯವನ್ನು ಒಂದರ ಮೇಲೊಂದು ಬರಗಾಲ ಕಾಡಿತು. 1987ರ ಬರವಂತೂ ಇಡಿಯ ದೇಶಕ್ಕೆ ವ್ಯಾಪಿಸಿತ್ತು. ಬರ ಬಂದಾಗ ಸರಕಾರಗಳು ಮೊದಲು ಮಾಡುವ ಕೆಲಸ ಲಾರಿ ಟ್ಯಾಂಕರಿನಿಂದ ನೀರು ಹಂಚುವುದು. ಟ್ಯಾಂಕರಿನ ನೀರು ಅಂದಿನ ದಾಹವನ್ನು ತೀರಿಸಿ ಹೋಗುತ್ತದೆ. ಮರುದಿನ ಜನ ಮತ್ತೆ ದಾರಿ ಕಾಯಬೇಕು. ಬರದ ಹಣವೇ ಊರಿಗೆ ಸ್ಥಿರವಾದ ಒಂದು ನೀರಿನ ನೆಲೆಯನ್ನು ಬಿಟ್ಟು ಹೋಗುವಂತೆ ಮಾಡಿದುದರಲ್ಲಿ ಕೊಳವೆಬಾವಿಗಳ ಹಿರಿಮೆಯಿದೆ. ಎರೆಹೊಲಗಳ ನಡುವಿನ ಪುಟ್ಟ ಊರಿನಲ್ಲಿ ಬಂಡಿ, ಮಕ್ಕಳು, ಮುದುಕರು ಎಲ್ಲ ಸೇರಿ, ಕೊರೆಯ ಬಾಯಿಂದ ಮೊದಲು ಬೂದಿಬಣ್ಣದ ಕಲ್ಲುಹಿಟ್ಟು, ಆಮೇಲೆ ಕೆಸರು, ಕೊನೆಗೆ ನೀರು ಚಿಮ್ಮುವುದನ್ನು ನೋಡಿ ಯಂತ್ರಕ್ಕೇ ತೆಂಗಿನಕಾಯಿ ಒಡೆದ ದೃಶ್ಯ ಆ ಕಾಲದ ಹಿರಿಯರ ನೆನಪಿನಲ್ಲಿ ಅಚ್ಚೊತ್ತಿ ನಿಂತಿದೆ. ನೀರು ಬರದೆ ಬರಿಯ ಹುಡಿ ಬಂದ ಊರುಗಳೂ ಇದ್ದವು. ಅಲ್ಲಿಯ ಜನ ಮೌನವಾಗಿ ಮನೆಗೆ ಮರಳುತ್ತಿದ್ದರು.

ಕೈಪಂಪಿನಿಂದಾದ ಇನ್ನೊಂದು ಉಪಕಾರವನ್ನು ಇಂದಿನ ತರುಣರು ಊಹಿಸಲಾರರು. ನಾರುಹುಣ್ಣು ಎಂಬ ರೋಗದ ಹೆಸರೇ ಈಗ ಮರೆತುಹೋಗಿದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅದು ತಲೆಮಾರುಗಳಿಂದ ಬೇರೂರಿದ್ದ ಪೀಡೆ. ಕಾಲಿನಲ್ಲಿ ಬೊಕ್ಕೆ ಎದ್ದು, ಅದರೊಳಗಿಂದ ನೂಲಿನಂತಹ, ಒಂದು ಮೀಟರಿನವರೆಗೂ ಉದ್ದವಾದ ಹುಳು ದಿನಕ್ಕೆ ಒಂದಿಷ್ಟಿಷ್ಟಾಗಿ ಹೊರಬರುವುದು. ಅದನ್ನು ಕಡ್ಡಿಗೆ ಸುತ್ತುತ್ತ, ತುಂಡಾಗದಂತೆ ನೋಡಿಕೊಳ್ಳುತ್ತ ರೋಗಿ ವಾರಗಟ್ಟಲೆ ಹಾಸಿಗೆ ಹಿಡಿಯುವನು. ಬಿತ್ತನೆಯ ಕಾಲಕ್ಕೆ ಸರಿಯಾಗಿ ಒಕ್ಕಲಿಗ ಕಾಲು ಮಡಚಿ ಕೂತರೆ ಆ ಮನೆಯ ವರ್ಷದ ಅನ್ನ ಹೋದಂತೆ. ಇದರ ಮೂಲ ಮೆಟ್ಟಿಲುಬಾವಿಯಲ್ಲಿತ್ತು. ಹುಣ್ಣಿದ್ದವನು ನೀರಿಗೆ ಕಾಲಿಟ್ಟಾಗ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುವುದು. ಆ ಮರಿಗಳನ್ನು ಕಣ್ಣಿಗೆ ಕಾಣಿಸದಷ್ಟು ಸಣ್ಣ ಜಲಜೀವಿಯೊಂದು ನುಂಗುವುದು. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಒಂದು ವರ್ಷದ ಮೇಲೆ ಅದೇ ರೋಗ ಕಾಣಿಸಿಕೊಳ್ಳುವುದು. ಶಿಲ್ಪದ ದೃಷ್ಟಿಯಿಂದ ಎಷ್ಟು ಸುಂದರವೋ ಆರೋಗ್ಯದ ದೃಷ್ಟಿಯಿಂದ ಅಷ್ಟೇ ಅಪಾಯಕರವಾದದ್ದು ಮೆಟ್ಟಿಲುಬಾವಿ. ಕೈಪಂಪಿನ ನೀರಿಗೆ ಯಾರ ಕಾಲೂ ಸೋಂಕುವಂತಿರಲಿಲ್ಲ. 1980ರ ದಶಕದಲ್ಲಿ ರಾಷ್ಟ್ರಮಟ್ಟದಲ್ಲಿ ನಾರುಹುಣ್ಣಿನ ನಿರ್ಮೂಲನ ಕಾರ್ಯಕ್ರಮ ನಡೆಯಿತು. ನೀರನ್ನು ಬಟ್ಟೆಯಲ್ಲಿ ಸೋಸುವ ತಿಳಿವಳಿಕೆ, ಬಾವಿಗಳಿಗೆ ಔಷಧ, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಆರೋಗ್ಯ ಕಾರ್ಯಕರ್ತರ ದುಡಿಮೆ ಇವೆಲ್ಲ ಒಂದುಗೂಡಿ ಕೆಲಸಮಾಡಿದವು. 1996ರ ನಂತರ ದೇಶದಲ್ಲಿ ಹೊಸ ರೋಗಿ ಕಾಣಿಸಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಆ ಯಶಸ್ಸಿನಲ್ಲಿ ಕೊಳವೆಬಾವಿಗೆ ಸಲ್ಲುವ ಪಾಲು ಚಿಕ್ಕದಲ್ಲ.

ಕೇರಿಯ ಜನರಿಗಾದ ಲಾಭ ಮತ್ತೊಂದು ಬಗೆಯದು. ಸರಕಾರದ ಹಣದಿಂದ ಕೇರಿಯಲ್ಲಿಯೇ ಕೊರೆದ ಬೋರಿಂಗಿನ ಹಿಡಿಕೆಯನ್ನು ಹಿಡಿಯಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಊರಿನ ಬೋರಿಂಗ್ ಬತ್ತಿ ಕೇರಿಯ ಬೋರಿಂಗಿನಲ್ಲಿ ಸಿಹಿನೀರು ಉಳಿದ ಬೇಸಿಗೆಗಳಲ್ಲಿ ಮೇಲಿನ ಓಣಿಯವರು ಕೊಡ ಹಿಡಿದು ಕೆಳಗಿನ ಓಣಿಗೆ ಬಂದದ್ದುಂಟು. ದಾಹವು ಮನುಷ್ಯನಿಗೆ ಕಲಿಸುವ ಪಾಠವನ್ನು ಉಪದೇಶ ಕಲಿಸಲಾರದು. ಎಲ್ಲ ಊರುಗಳಲ್ಲಿಯೂ ಹೀಗಾಯಿತೆಂದು ಮಾತ್ರ ಹೇಳುವಂತಿಲ್ಲ; ಪಂಪಿನ ಕಟ್ಟೆಯ ಮೇಲೆಯೂ ಮೊದಲ ಸರದಿ, ಕಡೆಯ ಸರದಿಗಳ ಹಳೆಯ ಜಗಳ ಮುಂದುವರಿದ ಊರುಗಳಿದ್ದವು.

ಶಿಕ್ಷಕರಿಗೆ ಈ ವಿಷಯ ಬೇರೊಂದು ರೀತಿಯಲ್ಲಿ ಪರಿಚಿತ. ಬೇಸಿಗೆಯ ತಿಂಗಳುಗಳಲ್ಲಿ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಏಕೆ ಸಾಲುಗಟ್ಟುತ್ತದೆಂಬುದಕ್ಕೆ ಬಾಲಕಿಯರ ಬುದ್ಧಿಶಕ್ತಿಯಲ್ಲಿ ಕಾರಣ ಹುಡುಕಬೇಕಾಗಿಲ್ಲ. ತಾಯಿ ಕೂಲಿಗೆ, ಮಗಳು ನೀರಿಗೆ. ಇದು ಅಂದಿನ ನಿಯಮ. ಸಿಂಬಿಯ ಮೇಲೆ ಕೊಡ ಹೊತ್ತು ಹಳ್ಳಕ್ಕೆ ಎರಡು ಸಲ ಹೋಗಿ ಬಂದ ಹುಡುಗಿಗೆ ಶಾಲೆಯ ಗಂಟೆ ಎರಡು ಸಲ ಬಾರಿಸಿ ಮುಗಿದಿರುತ್ತಿತ್ತು. ಶಾಲೆಯ ಅಂಗಳಕ್ಕೇ ಕೈಪಂಪು ಬಂದ ಊರುಗಳಲ್ಲಿ ಕೊಡ ಸಾಲಿನಲ್ಲಿಟ್ಟು ವರ್ಗದಲ್ಲಿ ಕೂತುಕೊಳ್ಳುವ, ಸರದಿ ಬಂದಾಗ ಗೆಳತಿಯ ಕರೆಗೆ ಎದ್ದುಹೋಗುವ ಬಾಲಕಿಯರಿದ್ದರು. ಅದನ್ನು ಶಿಸ್ತಿನ ಭಂಗವೆಂದು ಎಣಿಸದ ಗುರುಗಳೂ ಇದ್ದರು. ಹಾಗೆ ಓದಿದ ಹುಡುಗಿಯರೇ ಮುಂದೆ ಅಂತಹ ಶಾಲೆಗಳಿಗೆ ಶಿಕ್ಷಕಿಯರಾಗಿ ಬಂದುದೂ ಉಂಟು.

ಈ ಎಲ್ಲ ಕಾರಣಗಳಿಂದ ಜನ ಮಂತ್ರಿಗಳ ಹೆಸರನ್ನು ತಿದ್ದಿದರು. ನಜೀರ್‌ಸಾಬ್ ಎಂಬುದು ನೀರ್‌ಸಾಬ್ ಎಂದಾಯಿತು. ಒಂದಕ್ಷರವನ್ನು ಬಿಟ್ಟು ಇನ್ನೊಂದಕ್ಕೆ ದೀರ್ಘ ಕೊಟ್ಟ ಈ ತಿದ್ದುಪಡಿಯಲ್ಲಿ ಒಂದು ಸ್ವಾರಸ್ಯವಿದೆ. ಹೊಸಗನ್ನಡದಲ್ಲಿ ನೀರು ಸ್ವರಾಂತ ಶಬ್ದ. ಹಳಗನ್ನಡದಲ್ಲಿ ಅದು ನೀರ್ ಎಂಬ ವ್ಯಂಜನಾಂತ ಪ್ರಕೃತಿ. ಕೇಶಿರಾಜನ ವ್ಯಾಕರಣವನ್ನು ಕಣ್ಣಿನಿಂದಲೂ ಕಾಣದ ಹಳ್ಳಿಗರು ಸಾವಿರ ವರ್ಷಗಳ ಹಿಂದಿನ ಶುದ್ಧರೂಪವನ್ನು ಅರಿಯದೆಯೇ ಎತ್ತಿ ತಂದು ಒಬ್ಬ ಮುಸಲ್ಮಾನ ಮಹನೀಯರ ಹೆಸರಿಗೆ ಜೋಡಿಸಿದರು. ರಾಜರು ಕೊಡುವ ಬಿರುದನ್ನು ಶಾಸನದಲ್ಲಿ ಕೆತ್ತಿಸಬೇಕಾಗುತ್ತದೆ. ಜನರು ಕೊಟ್ಟ ಈ ಬಿರುದಿಗೆ ಕಲ್ಲು ಬೇಕಾಗಲಿಲ್ಲ.

ಇನ್ನು ಅಧಿಕಾರದ ವಿಷಯ. ಕೊಳವೆಬಾವಿಯನ್ನು ಬೆಂಗಳೂರಿನಿಂದ ಕೊರೆಯಿಸಬಹುದು; ಮುರಿದ ಪಂಪಿನ ಸರಪಳಿಯನ್ನು ಬೆಂಗಳೂರಿನಿಂದ ಜೋಡಿಸಲಾಗದು. ಪಂಪು ಕೆಟ್ಟರೆ ನೆಲದೊಳಗಿನ ಕಬ್ಬಿಣದ ಕೊಳವೆಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಸಲಕರಣೆ ಬೇಕು, ನಾಲ್ಕಾರು ಜನರ ತಂಡ ಬೇಕು, ವಾಹನ ಬೇಕು. ಊರಿನವರು ಅರ್ಜಿ ಬರೆದು, ಅದು ಇಲಾಖೆಯ ಮೆಟ್ಟಿಲುಗಳನ್ನೇರಿ ಇಳಿಯುವಷ್ಟರಲ್ಲಿ ಬೇಸಿಗೆಯೇ ಕಳೆದುಹೋಗುತ್ತಿತ್ತು. ಹಳ್ಳಿಯ ನೀರಿನ ಬಗೆಗೆ ತೀರ್ಮಾನ ಕೈಗೊಳ್ಳುವವನು ಹಳ್ಳಿಯ ಕೈಗೆ ಎಟಕುವಷ್ಟು ಹತ್ತಿರವಿರಬೇಕು, ಅವನನ್ನು ಆರಿಸುವ ಹಾಗೂ ಇಳಿಸುವ ಶಕ್ತಿ ಹಳ್ಳಿಗಿರಬೇಕು ಎಂಬುದು ನಜೀರ್‌ಸಾಬರ ನಂಬುಗೆ.

1978ರಲ್ಲಿ ಅಶೋಕ ಮೆಹತಾ ಸಮಿತಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಎಂಬ ಎರಡು ಹಂತಗಳ ವ್ಯವಸ್ಥೆಯನ್ನು ಸೂಚಿಸಿತ್ತು. ಆ ವರದಿಯನ್ನು ಮುಂದಿಟ್ಟುಕೊಂಡು ಕರ್ನಾಟಕ 1983ರಲ್ಲಿ ಹೊಸ ಪಂಚಾಯತ ಕಾನೂನನ್ನು ರೂಪಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ರಾಜ್ಯದಾದ್ಯಂತ ಚುನಾವಣೆಗಳು ಜರುಗಿದವು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯತಿ. ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿ. ಇದನ್ನು ಓದಿದವರಿಗೆ ಇದರ ದಿಟ್ಟತನ ಥಟ್ಟನೆ ಹೊಳೆಯಲಿಕ್ಕಿಲ್ಲ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಕಲೆಕ್ಟರನನ್ನು ಅಭಿವೃದ್ಧಿಯ ಕಾರ್ಯಗಳ ಮಟ್ಟಿಗಾದರೂ ಜನಪ್ರತಿನಿಧಿಯ ಹಿಂದೆ ನಿಲ್ಲಿಸಿದ ಕಾನೂನು ಅದು. ಶೇಕಡಾ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕಾದಿರಿಸಿದ್ದು ಅಷ್ಟೇ ಮಹತ್ವದ್ದು. ಕೊಡ ಹೊರುವವಳೇ ಕೊಡದ ವಿಷಯದಲ್ಲಿ ಮತ ಹಾಕುವ ಕಾಲ ಬಂದಿತು. ಗದಗು, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳು ಅಂದು ಧಾರವಾಡ ಜಿಲ್ಲಾ ಪರಿಷತ್ತಿಗೆ ಸೇರಿದ್ದವು. ಲಕ್ಷ್ಮೇಶ್ವರ ಶಿರಹಟ್ಟಿ ತಾಲ್ಲೂಕಿನೊಳಗಿನ ಪಟ್ಟಣವಾಗಿತ್ತು. ಹಳ್ಳಿಯ ನೀರು ಸರಬರಾಜಿನ ಹೊಣೆ, ಅದರ ಎಂಜಿನಿಯರರು, ಅದರ ಹಣ ಇವೆಲ್ಲ ಪರಿಷತ್ತಿನ ಕೈಗೆ ಬಂದವು.

ತನ್ನ ಖಾತೆಯ ಅಧಿಕಾರವನ್ನು ತಾನೇ ಬಿಚ್ಚಿ ಹಂಚಿಕೊಟ್ಟ ಮಂತ್ರಿಯನ್ನು ಇತಿಹಾಸದಲ್ಲಿ ಹುಡುಕಬೇಕು. ಶಾಸಕರು ಗೊಣಗಿದರು, ತಮ್ಮ ಕ್ಷೇತ್ರದ ಬೋರಿಂಗು, ರಸ್ತೆ, ಶಾಲೆಗಳ ಮಂಜೂರಾತಿ ಇನ್ನೊಬ್ಬರ ಕೈಗೆ ಹೋದುದು ಅವರಿಗೆ ಸಹನೆಯಾಗಲಿಲ್ಲ. ಅಧಿಕಾರಿಗಳಲ್ಲಿಯೂ ಅಸಮಾಧಾನವಿತ್ತು. ಮಂಡಲಗಳಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರೇ ಆರಿಸಿ ಬಂದರೆಂದೂ ಅಲ್ಲ. ಆದರೆ ಮಂಡಲ ಪಂಚಾಯತಿಯ ಪ್ರಧಾನನ ಮನೆಯ ಮುಂದೆ ಬೆಳಗಾಗುವುದರೊಳಗೆ ಖಾಲಿ ಕೊಡಗಳು ಬಂದು ಕೂರಬಹುದೆಂಬ ಭಯವು ದೂರದ ಕಚೇರಿಯ ಯಾವ ಸುತ್ತೋಲೆಗಿಂತಲೂ ಹೆಚ್ಚು ಪಂಪುಗಳನ್ನು ರಿಪೇರಿ ಮಾಡಿಸಿತೆಂಬುದರಲ್ಲಿ ಸಂದೇಹವಿಲ್ಲ.

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಅವರ ಕಾರ್ಯದ ಇನ್ನೊಂದು ಮುಖವನ್ನು ಮರೆಮಾಚುವ ರೂಢಿಯಿದೆ. ನಜೀರ್‌ಸಾಬರ ಕೀರ್ತಿಗೆ ಅಂತಹ ಮುಚ್ಚಳಿಕೆ ಅವಶ್ಯವಿಲ್ಲ. ಮೇಲಿನ ಬಾವಿಯ ನೀರು ಆ ವರ್ಷದ ಮಳೆಯ ನೀರು. ಕಲ್ಲಿನ ಬಿರುಕುಗಳಲ್ಲಿರುವ ಆಳದ ನೀರು ಎಷ್ಟೋ ವರ್ಷಗಳಿಂದ ಶಿಲೆಯ ಸಂಗದಲ್ಲಿ ಕೂತ ನೀರು. ಶಿಲೆಯಲ್ಲಿರುವ ಫ್ಲೋರೈಡು ಆ ನೀರಿನಲ್ಲಿ ಕರಗಿರುತ್ತದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ದೇಹಕ್ಕೆ ಅಹಿತ. ಹಲ್ಲು ಮೂಡುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಬೀಳುತ್ತವೆ. ಬಹುಕಾಲ ಕುಡಿದವರ ಎಲುಬು, ಕೀಲುಗಳು ಬಿರುಸಾಗಿ ಬೆನ್ನು ಬಾಗುತ್ತದೆ. ಮುಂಡರಗಿಯ ಸೀಮೆ ಈ ತೊಂದರೆಗೆ ಹೆಸರಾಯಿತು. ಗದಗ, ಶಿರಹಟ್ಟಿಗಳ ಎಷ್ಟೋ ಊರುಗಳೂ ಅದರಿಂದ ಹೊರತಾಗಲಿಲ್ಲ. ವರ್ಗದ ಮುಂದಿನ ಸಾಲಿನಲ್ಲಿ ಕೂತ ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡ ಶಿಕ್ಷಕರಿಗೆ ಇದರ ನೋವು ಗೊತ್ತು. ಕಣ್ಣಿಗೆ ತಿಳಿಯಾಗಿ, ನಾಲಗೆಗೆ ಸಿಹಿಯಾಗಿರುವ ನೀರಿನಲ್ಲಿ ಇಂತಹ ದೋಷ ಅಡಗಿರಬಹುದೆಂಬುದು ಹಳ್ಳಿಗರಿಗೆ ತಿಳಿಯುವಂತಿರಲಿಲ್ಲ. ದೇಶದ ಕುಡಿಯುವ ನೀರಿನ ತಂತ್ರಜ್ಞಾನ ಮಿಶನ್ ಫ್ಲೋರೈಡನ್ನು ಒಂದು ಪ್ರತ್ಯೇಕ ಸಮಸ್ಯೆಯೆಂದು ಕೈಗೆತ್ತಿಕೊಂಡದ್ದೇ 1986ರ ನಂತರ. ನಾರುಹುಣ್ಣಿನಿಂದ ಬಿಡಿಸಿದ ಪಂಪೇ ಇನ್ನೊಂದು ವ್ಯಾಧಿಗೆ ದಾರಿಮಾಡಿತೆಂಬ ಕಹಿಯಾದ ಸತ್ಯವನ್ನು ಒಪ್ಪಿಕೊಳ್ಳಬೇಕು. ಹಾಗೆಂದು ಅಂದು ಬಾಯಾರಿದವರಿಗೆ ನೀರು ಕೊಟ್ಟ ಕೈಯನ್ನು ದೂಷಿಸುವುದು ನ್ಯಾಯವಲ್ಲ.

ಹೊಲಗಳಲ್ಲಿ ವಿದ್ಯುತ್ ಪಂಪಿನ ಖಾಸಗಿ ಕೊಳವೆಬಾವಿಗಳು ಹೆಚ್ಚಿದ ಮೇಲೆ ಅಂತರ್ಜಲ ಮತ್ತಷ್ಟು ಆಳಕ್ಕೆ ಇಳಿಯಿತು. ಕೈಯಿಂದ ಜಗ್ಗುವ ಪಂಪಿಗೆ ಅದು ನಿಲುಕದಾಯಿತು. ಎಷ್ಟೋ ಬೋರಿಂಗುಗಳ ಹಿಡಿಕೆ ಕಳಚಿ, ಒಳಗೆ ಮೋಟಾರು ಇಳಿಸಿ, ಹತ್ತಿರದಲ್ಲಿ ನೀರಿನ ಗುಮ್ಮಿ ಕಟ್ಟಿ ನಲ್ಲಿ ಇಡಲಾಯಿತು. ಆ ಬಳಿಕ ಹೊಳೆಯ ನೀರನ್ನೇ ಎತ್ತಿ ಶುದ್ಧೀಕರಿಸಿ ಊರೂರಿಗೆ ಕಳಿಸುವ ಬಹುಗ್ರಾಮ ಯೋಜನೆಗಳು ಬಂದವು. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಆಯಿತು. ದಿನಗಟ್ಟಲೆ ನಲ್ಲಿಯ ದಾರಿ ಕಾದು ಬೇಸತ್ತಿದ್ದ ಗದಗ-ಬೆಟಗೇರಿಯ ಜನರ ಕಣ್ಣು ಕೂಡ ಅತ್ತ ಕಡೆಗೇ ತಿರುಗಿತು. ಹಳ್ಳಿಗಳಲ್ಲಿ ಫ್ಲೋರೈಡು ತೆಗೆಯುವ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿದವು. ಇದೆಲ್ಲ ನಜೀರ್‌ಸಾಬರ ಕಾಲದ ಆಚೆಯ ಕಥೆ.

ಅವರ ಆಯುಸ್ಸು ಅಷ್ಟು ದೀರ್ಘವಾಗಿರಲಿಲ್ಲ. ಪಂಚಾಯತಿಗಳು ಹುಟ್ಟಿ ಅಂಬೆಗಾಲಿಡುತ್ತಿದ್ದಾಗಲೇ ಕ್ಯಾನ್ಸರ್ ವ್ಯಾಧಿ ಅವರನ್ನು ಹಿಡಿಯಿತು. 1988ರ ಆಗಸ್ಟಿನಲ್ಲಿ ಹೆಗಡೆಯವರು ಅಧಿಕಾರ ಬಿಟ್ಟರು. ಧಾರವಾಡ ಜಿಲ್ಲೆಯವರೇ ಆದ ಶ್ರೀ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಹೊಸ ಮುಖ್ಯಮಂತ್ರಿಗ��ು ಆಸ್ಪತ್ರೆಗೆ ಹೋಗಿ ರೋಗಶಯ್ಯೆಯಲ್ಲಿದ್ದ ನಜೀರ್‌ಸಾಬರನ್ನು ಕಂಡಾಗ ಅವರು ತಮಗಾಗಲಿ ತಮ್ಮ ಮನೆಯವರಿಗಾಗಲಿ ಏನನ್ನೂ ಕೇಳದೆ, ಬಡವರಿಗೆ ಮನೆ ಕಟ್ಟಿಸಿಕೊಡುವ ಯೋಜನೆಯೊಂದರ ಬಗೆಗೆ ಮಾತನಾಡಿದರೆಂದು ಬಲ್ಲವರು ಹೇಳುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ತಾನು ನೋಡಿರದ ಮಂತ್ರಿಗಾಗಿ ಹಳ್ಳಿಯ ಹೆಣ್ಣುಮಗಳು ಬೋರಿಂಗಿನ ಕಟ್ಟೆಯ ಮೇಲೆ ಕೊಡ ಇಳಿಸಿ ಕ್ಷಣಕಾಲ ಸುಮ್ಮನೆ ನಿಂತಿರಬೇಕು. ಅಂತಹ ಶೋಕಸಭೆಗಳ ವರದಿ ಯಾವ ಪತ್ರಿಕೆಗೂ ಹೋಗುವುದಿಲ್ಲ.

ಅವರು ಕಟ್ಟಿದ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕೂತರು. ಸಂಸ್ಥೆ ಅಲ್ಲಿಗೇ ಅಳಿಯಿತೆಂದು ಹಲವರು ಭಾವಿಸಿದರು. ಅಷ್ಟರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಬಂದಿತು. ಕರ್ನಾಟಕದ ಪ್ರಯೋಗದಿಂದ ಬಹಳಷ್ಟನ್ನು ಕಲಿತ ಆ ತಿದ್ದುಪಡಿ ಮಹಿಳೆಯರ ಪಾಲನ್ನು ಮೂರನೆಯ ಒಂದಕ್ಕೆ ಏರಿಸಿ, ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. 1993ರ ಹೊಸ ಕಾನೂನಿನಂತೆ ಮಂಡಲಗಳು ಹೋಗಿ ಗ್ರಾಮ ಪಂಚಾಯತಿಗಳು ಬಂದವು.

ಆ ಪಂಚಾಯತಿಗಳಿಗೆ ಆರಿಸಿ ಬಂದವರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆ ಮೈಸೂರಿನಲ್ಲಿದೆ. ಅದಕ್ಕೆ ಅಬ್ದುಲ್ ನಜೀರ್‌ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯೆಂದು ಹೆಸರು. ಮುಂಡರಗಿಯ, ಶಿರಹಟ್ಟಿಯ, ಲಕ್ಷ್ಮೇಶ್ವರದ ಕಡೆಯ ಹಳ್ಳಿಗಳಿಂದ ಮೊದಲ ಸಲ ಮೈಸೂರು ಕಂಡ ಸದಸ್ಯೆಯರು ಅದರ ಹೆಬ್ಬಾಗಿಲ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಾರೆ. ಅವರಲ್ಲಿ ವಯಸ್ಸಾದವರು, ಇವರು ನಮ್ಮ ಊರಿಗೆ ಬೋರಿಂಗ್ ಹಾಕಿಸಿದವರೇ ಅಲ್ಲವೇ ಎಂದು ಜೊತೆಯವರನ್ನು ಕೇಳಿಕೊಂಡು ಒಳಗೆ ಹೋಗುತ್ತಾರೆ.